ಕೋಟೆಬೀದಿಯ ತಲೆಬಾಗಿಲು

"ಬುದ್ಧೀ, ಹಳೆಯ ಬೀದಿಯಲ್ಲಿ ಹೊಸ ಕಟ್ಟಡ ಎಬ್ಬಿಸುವಾಗ ಹಳೆಯದರಲ್ಲಿ ಏನನ್ನು ಉಳಿಸಬೇಕು?" ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಶಿಷ್ಯ, ಕಟ್ಟಡಗಳ ನಕ್ಷೆ ಬರೆಯುವವನು. ತಾಯಿ ಇರುವ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಅಪಾರ್ಟ್‌ಮೆಂಟು ಕಟ್ಟಲು ಹೊರಟಿದ್ದ. ಹಿಂದೊಮ್ಮೆ ಬಂದು ಕಂಬಗಳ ಬಗ್ಗೆ ಕೇಳಿದ್ದ. ಆಮೇಲೆ ಬಂದು ಹೆಂಚಿನ ಬಗ್ಗೆ ಕೇಳಿದ್ದ. ಈಗ ಸುರುಳಿ ಸುತ್ತಿದ ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ.

ಗುರುಗಳು ಹಣೆ ಚಚ್ಚಿಕೊಂಡರು.

"ಮತ್ತೆ ಅದೇ! ನಿನ್ನ ಕಂಬ, ನಿನ್ನ ಹೆಂಚು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ ಕಣಯ್ಯಾ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚನ್ನವೀರ ಕೂತ. ಗುರುಗಳು ಹೇಳತೊಡಗಿದರು.

ಒಂದು ಹಳೆಯ ಪಟ್ಟಣ. ಅಲ್ಲಿಯ ಕೋಟೆಬೀದಿಯಲ್ಲಿ ಒಬ್ಬ ಅಜ್ಜಿಯಿದ್ದಳು. ಮನೆಯ ತೊಲೆಗೆಲ್ಲ ಗೆದ್ದಲು ಹಿಡಿದಿತ್ತು. ಅಡುಗೆಮನೆಯ ಗೋಡೆ ಜರಿದಿತ್ತು. ಇದನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸೋಣ, ನಮಗೂ ಒಂದೊಂದು ಮನೆಯಾಗುತ್ತದೆ ಎಂದು ಮಕ್ಕಳು ಹಟ ಹಿಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಗೋಡೆ ತಲೆಯ ಮೇಲೆ ಬೀಳುವವರೆಗೆ ಕಾಯಿರಿ ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಅಜ್ಜಿ ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು. ನಕ್ಷೆ ಬರೆಯುವವನನ್ನು ಕರೆಸಿ ಹೇಳಿದಳು: "ಅಪ್ಪಾ, ಮದುವೆಯಾಗಿ ಸೇರು ಒದ್ದು ಈ ತಲೆಬಾಗಿಲಿನಿಂದ ಒಳಗೆ ಬಂದವಳು ನಾನು. ಹೋಗುವಾಗಲೂ ಇಲ್ಲಿಂದಲೇ ನನ್ನನ್ನು ಎತ್ತಿಕೊಂಡು ಹೋಗಬೇಕು. ಇದೊಂದನ್ನು ಮಾತ್ರ ಉಳಿಸಿಕೊಡು." ಅವನು ಅವಳ ಕೈಹಿಡಿದು, ಆಗಲಿ ಅಜ್ಜೀ ಎಂದ. ಕಟ್ಟಡ ಏಳುವಷ್ಟು ಕಾಲ ಅವಳು ಮಗಳ ಊರಿಗೆ ಹೋದಳು.

ಅವನು ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬೈದು ಸುಮ್ಮನಾಗಬಹುದಿತ್ತು. ಒಳ್ಳೆಯವನು ಕಣೋ, ಅದೇ ತಾಪತ್ರಯ! ಬಾಗಿಲನ್ನು ಹಗ್ಗ ಕಟ್ಟಿ ಜೋಪಾನವಾಗಿ ಇಳಿಸಿದ. ಪದರ ಪದರ ಹತ್ತಿದ್ದ ಬಣ್ಣವನ್ನು ಕೆರೆದು ತೆಗೆದ. ಅಡಿಯಿಂದ ಕೆತ್ತನೆಯ ಹೂಬಳ್ಳಿ, ಗಿಳಿಗಳು ಎದ್ದು ಬಂದವು. ಹಿತ್ತಾಳೆಯ ಚಿಲಕಕ್ಕೆ ಹುಣಿಸೆಹಣ್ಣು ಹಾಕಿ ತಾನೇ ಕೂತು ತಿಕ್ಕಿದ. ಎಲ್ಲಿತ್ತೋ ಅಲ್ಲೇ, ಅದೇ ಕಲ್ಲಿನ ಹೊಸಿಲ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಿಲ್ಲಿಸಿದ. ಬೀದಿಯವರು ಕಣ್ಣು ಬಾಯಿ ಬಿಟ್ಟು ನೋಡಿದರು. ನಮ್ಮ ಬೀದಿಯ ಮಾನ ಉಳಿಸಿದೆಯಪ್ಪಾ ಎಂದು ಹಾರ ಹಾಕಿದರು.

ಗೃಹಪ್ರವೇಶದ ದಿನ ಅಜ್ಜಿ ಹೊಸ ಸೀರೆ ಉಟ್ಟು, ಉಕ್ಕಿಸುವ ಹಾಲಿನ ಪಾತ್ರೆ ಹಿಡಿದು ಬಂದಳು. ಹಿಂದೆ ವಾಲಗದವರು, ಮಕ್ಕಳು, ಸೊಸೆಯರು. ಅವಳು ತಲೆಬಾಗಿಲ ಮುಂದೆ ನಿಂತು, ಬಲಗಾಲು ಎತ್ತಿ, "ತೆಗೀರಪ್ಪಾ" ಎಂದಳು.

ಯಾರೂ ತೆಗೆಯಲಿಲ್ಲ. ನಕ್ಷೆ ಬರೆದವನು ಓಡಿ ಬಂದು ಕೈಮುಗಿದ.

"ಅಜ್ಜೀ, ಅದು ತೆಗೆಯುವುದಕ್ಕಲ್ಲ. ಹಿಂದೆ ಗೋಡೆಯಿದೆ. ಅದರಾಚೆ ಕಾರು ನಿಲ್ಲಿಸುವ ಜಾಗ. ಪಕ್ಕದಲ್ಲಿ ಕಾರು ಇಳಿಯುವ ದಾರಿಯಿದೆಯಲ್ಲ, ಅಲ್ಲಿಂದ ಬನ್ನಿ. ಲಿಫ್ಟು ಸೀದಾ ನಿಮ್ಮ ಮನೆಗೇ ಹೋಗುತ್ತದೆ."

"ಮತ್ತೆ ಈ ಬಾಗಿಲು?"

"ಉಳಿಸಿದ್ದೇನಲ್ಲ ಅಜ್ಜೀ! ಬೇರೆಯವರಾಗಿದ್ದರೆ ಸೌದೆಗೆ ಹಾಕುತ್ತಿದ್ದರು. ನೋಡಿ, ಎಷ್ಟು ಚೆನ್ನಾಗಿದೆ!"

ಅವನಿಗೆ ಅಳುವೇ ಬಂದಿತ್ತು. ಇಷ್ಟೆಲ್ಲ ಮಾಡಿದರೂ ಈ ಮುದುಕಿಗೆ ಸಮಾಧಾನವಿಲ್ಲವಲ್ಲ ಎಂದು ಬೇಸರ. ಅಜ್ಜಿ ಬೆರಳ ಗೆಣ್ಣಿನಿಂದ ಬಾಗಿಲು ಬಡಿದಳು. ಹಿಂದೆ ಇಟ್ಟಿಗೆ ತುಂಬಿದ್ದರಿಂದ ಸದ್ದೇ ಏಳಲಿಲ್ಲ. "ಇದರ ಹಿಂದೆ ಮನೆಯೇ ಇಲ್ಲವಲ್ಲಪ್ಪಾ" ಎಂದಳು. ಹಾಲಿನ ಪಾತ್ರೆಯನ್ನು ಹೊಸಿಲ ಮೇಲಿಟ್ಟು, ಬೀದಿ ದಾಟಿ, ಎದುರುಮನೆಯ ಜಗಲಿಯ ಮೇಲೆ ಹೋಗಿ ಕೂತಳು. ಮಕ್ಕಳು ಗೋಗರೆದರು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಕೂಗಾಡಿದರು. ಮುಹೂರ್ತ ಮೀರಿತು. ಬಿಸಿಲಿಗೆ ಹಾಲು ಒಡೆಯಿತು. ಅವಳು ಏಳಲಿಲ್ಲ.

ಎದುರುಮನೆಯಾಕೆ ಅವಳ ಗೆಳತಿ. ತನ್ನ ಹೊರಕೋಣೆಯನ್ನು ಬಿಟ್ಟುಕೊಟ್ಟಳು. ಅಜ್ಜಿ ಅಲ್ಲೇ ಉಳಿದಳು. ಮಕ್ಕಳು ದಿನಾ ಬುತ್ತಿ ತಂದು, ದಿನಾ ಕರೆದು, ದಿನಾ ಬೈಸಿಕೊಂಡು ಹೋಗುತ್ತಿದ್ದರು. ಊರು ನೋಡಲು ಬಂದವರು ಆ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಜಗಲಿಯ ಮೇಲಿದ್ದ ಅಜ್ಜಿಯನ್ನು ಕಂಡರೆ, "ಅಜ್ಜೀ, ನೀವೂ ಬಂದು ಬಾಗಿಲ ಪಕ್ಕ ನಿಂತುಕೊಳ್ಳಿ, ಹಳೆಯ ಕಾಲದ ಹಾಗೇ ಕಾಣುತ್ತದೆ" ಎಂದು ಕರೆಯುತ್ತಿದ್ದರು. ಅಯ್ಯೋ, ಏನು ಹೇಳಲಿ ಈ ಜನಕ್ಕೆ!

ಚಳಿಗಾಲದಲ್ಲಿ ಅಜ್ಜಿ ಆ ಹೊರಕೋಣೆಯಲ್ಲೇ ತೀರಿಕೊಂಡಳು. ಎದುರುಮನೆಯ ಬಾಗಿಲು ಎಂಥದ್ದು ಗೊತ್ತೇನು? ಹುಳು ತಿಂದದ್ದು, ಕೆಳಗಡೆ ತಗಡು ಹೊಡೆದದ್ದು. ಅದರ ಬಣ್ಣ ನೋಡಿದರೆ ನಿನ್ನಂಥವನಿಗೆ ಜ್ವರ ಬರುತ್ತದೆ. ಅದರ ಎರಡೂ ಕದ ತೆರೆದರು. ಅಜ್ಜಿಯನ್ನು ಅಲ್ಲಿಂದ ಹೊತ್ತು ತಂದರು. ನಕ್ಷೆ ಬರೆದವನೂ ಹಾರ ಹಿಡಿದು ಬಂದಿದ್ದ. ಹೊತ್ತವರಿಗೆ ದಾರಿ ಬಿಡಲು ಹಿಂದೆ ಸರಿದಾಗ ಆ ಕೆತ್ತನೆಯ ಬಾಗಿಲು ಅವನ ಬೆನ್ನಿಗೆ ತಾಗಿತು. ಇನ್ನೂ ಹಿಂದೆ ಸರಿಯೋಣವೆಂದರೆ ಅದು ತೆರೆಯುವ ಬಾಗಿಲಲ್ಲ. ಅಲ್ಲೇ ಒತ್ತಿಕೊಂಡು ನಿಂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಮೆಲ್ಲಗೆ, "ಹಾಗಾದರೆ ಬುದ್ಧೀ, ಅವನು ಬಾಗಿಲಿನ ಹಳೆಯ ಬಣ್ಣವನ್ನು ಕೆರೆಯದೆ ಹಾಗೇ ಬಿಡಬೇಕಿತ್ತೇ?" ಎಂದು ಕೇಳಿದ.

"ಶಿವಶಿವಾ!" ಎಂದರು ಗುರುಗಳು. ಅವನ ಕಂಕುಳಲ್ಲಿದ್ದ ನಕ್ಷೆಯನ್ನು ಎಳೆದುಕೊಂಡು ನೆಲದ ಮೇಲೆ ಬಿಡಿಸಿದರು. ಅದರಲ್ಲಿ ಕಂಬಗಳಿದ್ದವು. ಹೆಂಚಿನ ಸಾಲಿತ್ತು. ನಡುವೆ ಅವನ ತಾಯಿಯ ಮನೆಯ ಬಾಗಿಲನ್ನು ಚಿಲಕದ ಸಮೇತ ಅಚ್ಚುಕಟ್ಟಾಗಿ ಬರೆದಿದ್ದ. ಆ ಬಾಗಿಲ ಹಿಂದೆ ಕಾರುಗಳಿದ್ದವು.

"ನಾಳೆ ನಿನ್ನ ತಾಯಿ ಹಾಲಿನ ಪಾತ್ರೆ ಹಿಡಿದು ಬಂದರೆ ಬಲಗಾಲು ಎಲ್ಲಿಡಬೇಕು, ಬೆರಳಿಟ್ಟು ತೋರಿಸು."