ಇನ್ನಾಸಿ ಮಠದ ಬಾಗಿಲು ಕಾದದ್ದು

ಹೂಂ ಅನ್ನುತ್ತಾ ಕೇಳುವುದಾದರೆ ಹೇಳುತ್ತೇನೆ. ಹೂಂಗುಟ್ಟದವರಿಗೆ ಕತೆ ಹೇಳುವುದೂ ಒಂದೇ, ಇನ್ನಾಸಿಗೆ ಬುದ್ಧಿ ಹೇಳುವುದೂ ಒಂದೇ.

ಕರಿಕಲ್ಲುದೊಡ್ಡಿಯ ಸವೇರಮ್ಮನಿಗೆ ಗಂಡ ಇಲ್ಲ, ಇರುವುದೊಬ್ಬನೇ ಮಗ, ಇನ್ನಾಸಿ. ವಯಸ್ಸು ಮೂವತ್ತಾಗಿತ್ತು, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಕೂತುಬಿಟ್ಟಿತ್ತು. ಹಾಗಂತ ಸೋಮಾರಿಯಲ್ಲ, ಕಳ್ಳನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ತೊಂದರೆ.

ಊರ ಪಕ್ಕದ ಗುಡ್ಡದ ಮೇಲೆ ಸಂತ ಬೆನೆಡಿಕ್ಟರ ಮಠ. ಅಲ್ಲಿ ಹನ್ನೊಂದು ಜನ ಸನ್ಯಾಸಿಗಳು. ದಿನಕ್ಕೆ ಏಳು ಸಲ ಗಂಟೆ, ಏಳು ಸಲ ಪ್ರಾರ್ಥನೆ. ಪೂಜೆಯ ಪೀಠಕ್ಕೆ ಹಾಸುವ ಬಟ್ಟೆ ಒಗೆದುಕೊಡುವುದು ಸವೇರಮ್ಮನ ಕೆಲಸ. ಒಂದು ದಿನ ಒಗೆದ ಬಟ್ಟೆ ಹೊತ್ತು ಹೊರಡುವಾಗ ಮಗನಿಗೆ ಹೇಳಿದಳು: "ಪಕ್ಕದ ಮನೆ ಲೂರ್ದಮ್ಮ ಮೊರ ಕೇಳೋಕೆ ಬರ್ತಾಳೆ. ತಗೊಂಡು ಹೋದ್ರೆ ವಾಪಸ್ ಕೊಡೋದು ಅಷ್ಟರಲ್ಲೇ ಇದೆ. ಯಾರೇ ಬಾಗಿಲು ತಟ್ಟಲಿ, 'ಅಮ್ಮ ಮನೇಲಿಲ್ಲ, ನಾಳೆ ಬನ್ನಿ' ಅನ್ನು. ಚಿಲಕ ಮಾತ್ರ ತೆಗೀಬೇಡ."

ಸಂಜೆ ಬಂದು ಅವಳೇ ಬಾಗಿಲು ತಟ್ಟಿದಳು.

"ಅಮ್ಮ ಮನೇಲಿಲ್ಲ, ನಾಳೆ ಬನ್ನಿ," ಅಂದ ಇನ್ನಾಸಿ ಒಳಗಿನಿಂದ.

"ನಾನೇ ಕಣೋ ನಿಮ್ಮಮ್ಮ."

"ಅಮ್ಮನೇ ಹೇಳಿ ಹೋಗವ್ಳೆ, ಯಾರೇ ತಟ್ಟಲಿ ತೆಗೀಬೇಡ ಅಂತ."

ಬೈದಳು, ಬೇಡಿದಳು, ಕೊನೆಗೆ ಲೂರ್ದಮ್ಮನ ಮನೆಯಲ್ಲೇ ಚಾಪೆ ಕೇಳಿ ಮಲಗಿದಳು. ಮಾರನೆಯ ದಿನ ಹಸಿವಾದಾಗ ಇನ್ನಾಸಿ ತಾನಾಗಿಯೇ ಚಿಲಕ ತೆಗೆದ.

ಸವೇರಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. "ಅಯ್ಯೋ ನನ್ನ ಕಂದ, ನಾನು ಮಣ್ಣಾದ ಮೇಲೆ ನಿನಗೆ ಒಂದು ಹಿಡಿ ಅನ್ನ ಹಾಕೋರು ಯಾರೋ?" ಆ ಚಿಂತೆ ಅವಳಿಗೆ ಹಗಲೂ ಇತ್ತು, ಇರುಳೂ ಇತ್ತು. ಮಠದ ಬಾಗಿಲು ಕಾಯುವವನು ಕೆಲಸ ಬಿಟ್ಟು ಹೋದ ಅಂತ ಕೇಳಿದ್ದೇ ತಡ, ಮಠದ ಹಿರಿಯರಾದ ದೊಡ್ಡ ಸ್ವಾಮಿಯೋರ ಕಾಲು ಹಿಡಿದಳು. ಅವರಿಗೆ ಎಪ್ಪತ್ತು ವರ್ಷ, ಮೆತ್ತನೆಯ ಮನಸ್ಸು. "ಆಗಲಿ. ಮಠದ ಹಬ್ಬದವರೆಗೆ ನೋಡೋಣ. ಸರಿಹೋದರೆ ಕೊನೇತನಕ ಇಲ್ಲೇ ಊಟ, ಇಲ್ಲೇ ವಾಸ. ಸರಿಹೋಗದಿದ್ದರೆ ಕರಕೊಂಡು ಹೋಗಿಬಿಡಮ್ಮ," ಅಂದರು.

ಸವೇರಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ ಬುದ್ಧಿ ಹೇಳಿದಳು: "ಅಲ್ಲಿ ಹೋಗಿ 'ಅಮ್ಮ ಮನೇಲಿಲ್ಲ' ಅನ್ನಬೇಡ ಮತ್ತೆ. ಅದು ನಮ್ಮನೆ ಬಾಗಿಲಿಗೆ. ಮಠದ ಬಾಗಿಲಿಗೆ ಮಠದೋರು ಹೇಳಿದ್ದು."

"ಹೂಂ," ಅಂದ ಇನ್ನಾಸಿ. ನೀವೂ ಅನ್ನಿ.

ಮಠಕ್ಕೆ ಬಂದು ಹೋಗುವವರನ್ನು ನೋಡಿಕೊಳ್ಳುವವರು ಬ್ರದರ್ ಪ್ಲಾಸಿಡ್. ದುಂಡಗಿನ ಮುಖ, ಇಸ್ತ್ರಿ ಮಾಡಿದ ನಿಲುವಂಗಿ. "ನೋಡಪ್ಪಾ, ನಮ್ಮ ಸಂತರು ಹಾಕಿಕೊಟ್ಟ ನಿಯಮ ಒಂದೇ. ಬಾಗಿಲಿಗೆ ಬಂದ ಅತಿಥಿ ಅಂದರೆ ಸಾಕ್ಷಾತ್ ಯೇಸುಸ್ವಾಮಿ. ಅಷ್ಟು ತಿಳಕೊಂಡರೆ ಸಾಕು," ಅಂದರು.

ಇನ್ನಾಸಿ ತಿಳಿದುಕೊಂಡ. ಮರುದಿನ ಪಟ್ಟಣದಿಂದ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಹೆಂಡತಿಯ ಜೊತೆ ಮನಶ್ಶಾಂತಿ ಹುಡುಕಿಕೊಂಡು ಬಂದರು.

"ಕೈ ತೋರಿಸಿ," ಅಂದ ಇನ್ನಾಸಿ.

ಹೆಡ್‌ಮಾಸ್ಟರು ತೋರಿಸಿದರು. ಇನ್ನಾಸಿ ಅಂಗೈ ನೋಡಿದ, ಮಗುಚಿ ಹಿಂಗೈ ನೋಡಿದ. "ಮೊಳೆ ಹೊಡೆದ ಗಾಯ ಎಲ್ಲಿ? ನೀವು ಯೇಸುಸ್ವಾಮಿ ಅಲ್ಲ. ಬರೀ ಯಾರೋ," ಅಂದು ಗೇಟು ಹಾಕಿಕೊಂಡ.

ಮನಶ್ಶಾಂತಿಗೆ ಬಂದವರು ಇದ್ದಬದ್ದ ಶಾಂತಿಯನ್ನೂ ಕಳೆದುಕೊಂಡು ಮುಂದಿನ ಬಸ್ಸಿಗೆ ವಾಪಸಾದರು.

"ಏ ಪೆದ್ದಾ," ಅಂದರು ಬ್ರದರ್ ಪ್ಲಾಸಿಡ್. "ನೋಡಬೇಡ, ಕೇಳಬೇಡ, ಪರೀಕ್ಷೆ ಮಾಡಬೇಡ. ಬಂದ ಕೂಡಲೇ ಕೈಮುಗಿ. ಕಾಲು ತೊಳಿ. ಒಂದನೇ ನಂಬರ್ ಕೋಣೆಗೆ ಕರಕೊಂಡು ಹೋಗಿ ಹಣ್ಣು ಕೊಡು."

ಆಗಲಿ ಅಂದ. ಮರುದಿನ ಗೇಟು ಗಡಗಡ ಅಂದಿತು. ತೆಗೆದರೆ ಊರಿನ ಚಿನ್ನಪ್ಪನ ಎಮ್ಮೆ, ಕೊಂಬು ತಿಕ್ಕುತ್ತಾ ನಿಂತಿತ್ತು. ಇನ್ನಾಸಿ ನೋಡಲಿಲ್ಲ, ಕೇಳಲಿಲ್ಲ, ಪರೀಕ್ಷೆ ಮಾಡಲಿಲ್ಲ. ಕೈಮುಗಿದ. ಕಾಲು ತೊಳೆದ, ನಾಲ್ಕನ್ನೂ ತೊಳೆದ. ಒಂದನೇ ನಂಬರ್ ಕೋಣೆಗೆ ಕರೆದುಕೊಂಡು ಹೋಗಿ ಒಂದು ಗೊನೆ ಬಾಳೆಹಣ್ಣು ಇಟ್ಟು ಬಾಗಿಲು ಮುಂದೆ ಮಾಡಿ ಬಂದ.

ಒಂದನೇ ನಂಬರ್ ಕೋಣೆ ಅಂದರೆ ಮಠದ ಕಣ್ಣು. ಬಿಸಿನೀರು, ಹೂವಿನ ಪರದೆ, ಎರಡು ದಿಂಬು. ಬ್ರದರ್ ಪ್ಲಾಸಿಡ್ ಸಂಜೆ ಬಾಗಿಲು ತೆಗೆದರೆ ಎಮ್ಮೆ ಪರದೆಯನ್ನು ಅಗಿಯುತ್ತಾ ಇತ್ತು. ಸಗಣಿಯ ಮಾತು ಬೇಡ ಬಿಡಿ.

ಸವೇರಮ್ಮ ಆಗಲೇ ಬಟ್ಟೆ ತಂದಿದ್ದಳು. ಬ್ರದರ್ ಬೈದದ್ದೆಲ್ಲ ಅವಳ ಕಿವಿಗೇ ಬಿತ್ತು.

"ಕೊಂಬು ಬಾಲ ಇರೋ ಯೇಸುಸ್ವಾಮಿ ಎಲ್ಲಾದರೂ ಉಂಟೇನೋ? ಬಂದೋರು ಯಾರು ಎಂಥೋರು ಅಂತ ನೋಡೋದು ಬೇಡ್ವಾ? ಕಾರಲ್ಲಿ ಬಂದೋರಿಗೆ ಹಾರ, ಕಾಫಿ, ಒಂದನೇ ನಂಬರ್ ಕೋಣೆ. ನಡೆದು ಬಂದೋರಿಗೆ ಹಿಂದಿನ ಜಗಲಿ, ಮುದ್ದೆ, ಸಾರು. ಉಂಡು ಎದ್ದು ಹೋಗಲಿ." ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದರು. "ಇದನ್ನ ದೊಡ್ಡ ಸ್ವಾಮಿಯೋರಿಗೆ ಮಾತ್ರ ಹೇಳಬೇಡ."

"ಹೇಳಲ್ಲ," ಅಂದ ಇನ್ನಾಸಿ.

ನಡೆದುಕೊಂಡೇ ಬಂದಿದ್ದ ಸವೇರಮ್ಮ ಬಟ್ಟೆಯ ಬುಟ್ಟಿ ಇಳಿಸಿ ಸುಮ್ಮನೆ ಗುಡ್ಡ ಇಳಿದಳು. ಮಗನ ಅನ್ನದ ವಿಷಯ ಇದ್ದಾಗ ತಾಯಿ ಬಾಯಿ ಬಿಡುವುದು ಹೇಗೆ?

ಅಷ್ಟರಲ್ಲಿ ಮೌನ ಧ್ಯಾನಕೂಟ ಬಂತು. ಪಟ್ಟಣದಿಂದ ನಲವತ್ತು ಜನ ಮೂರು ದಿನ ಮಾತು ಬಿಡುತ್ತೇವೆ ಅಂತ ಬಂದರು. ಮಾತು ಬಿಡುವುದು ಎಷ್ಟು ಕಷ್ಟ ಅನ್ನುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಇದ್ದರು. ಊಟದಲ್ಲಿ ಉಪ್ಪು ಕಮ್ಮಿ ಅಂತ ಹೇಳಿಕೊಂಡರು. ಸನ್ನೆ ಮಾಡಿ ಸೋತು, ಮರೆಗೆ ಹೋಗಿ ಫೋನಿನಲ್ಲಿ ಹೇಳಿಕೊಂಡರು.

ಬ್ರದರ್ ಪ್ಲಾಸಿಡ್ ಇನ್ನಾಸಿಯನ್ನು ಕರೆದರು. "ಪ್ರಾರ್ಥನೆ ಮುಗಿದ ಮೇಲೆ ಯಾರೇ ಬಾಯಿ ತೆಗೆದರೂ ಸರಿ, ಹೋಗಿ ಎದುರಿಗೆ ನಿಂತು ತುಟಿ ಮೇಲೆ ಬೆರಳಿಡು. ನಿಲ್ಲಿಸದಿದ್ದರೆ ಬಾಯಿ ಮುಚ್ಚಿಸು. ಭಿಡೆ ಬೇಡ."

ಪ್ರಾರ್ಥನೆ ಮುಗಿಯಿತು. ಪ್ರಸಂಗ ಮಾಡಲು ದೂರದಿಂದ ಬಂದಿದ್ದ ಫಾದರ್ ಎದ್ದು ನಿಂತರು. ವಿಷಯ: ಮೌನದ ಮಹಿಮೆ. ಅವರು ಮೌನದ ಮಹಿಮೆಯನ್ನು ಮುಕ್ಕಾಲು ಗಂಟೆ ಹೇಳಿದರು, ಇನ್ನೂ ಪೀಠಿಕೆ ಮುಗಿದಿರಲಿಲ್ಲ. ಗೇಟಿನ ಹತ್ತಿರ ಇದ್ದ ಇನ್ನಾಸಿಗೆ ದನಿ ಕೇಳಿತು. ಬಂದ. ಎದುರಿಗೆ ನಿಂತು ತುಟಿ ಮೇಲೆ ಬೆರಳಿಟ್ಟ. ಫಾದರ್ ನಕ್ಕು ಮುಂದುವರಿಸಿದರು. ಇನ್ನಾಸಿ ಮೆಟ್ಟಿಲು ಹತ್ತಿ, ಅಂಗೈಯಿಂದ ಅವರ ಬಾಯಿ ಮುಚ್ಚಿ ಹಿಡಿದ.

ಧ್ಯಾನಕೂಟದಲ್ಲಿ ನಿಜವಾದ ಮೌನ ಅಂತ ಆದದ್ದು ಅದೊಂದು ಗಳಿಗೆ. ನಲವತ್ತು ಜನರ ಮುಖದಲ್ಲೂ ಶಾಂತಿ ಕಂಡಿತು.

ಆದರೆ ಫಾದರ್ ಸುಮ್ಮನಿರುತ್ತಾರೆಯೇ? ಮುಂದಿನ ಬಸ್ಸಿಗೇ ಹೊರಟರು. ಬ್ರದರ್ ಪ್ಲಾಸಿಡ್ ಕೆಂಡವಾದರು. "ದೊಡ್ಡವರು ಮಾತಾಡುವಾಗ ಅಡ್ಡ ಬರಬಾರದು ಕಣೋ. ಅವರು ಏನೇ ಅಂದರೂ 'ಹೌದು ಸ್ವಾಮಿ, ಹೌದು ಸ್ವಾಮಿ' ಅನ್ನು. ನಿನ್ನ ಪಾಡಿಗೆ ನಿನ್ನ ಕೆಲಸ ಮಾಡು."

ದೊಡ್ಡ ಸ್ವಾಮಿಯೋರು ಸವೇರಮ್ಮನನ್ನು ಕರೆಸಿದರು. "ನಾಳಿದ್ದು ಹಬ್ಬ ಕಣಮ್ಮ. ಹೊಸ ಬಿಷಪ್ ಬರ್ತಾರೆ. ಅವತ್ತೂ ಹೀಗೇ ಆದರೆ ನನ್ನ ಕೈಲಿ ಏನೂ ಇಲ್ಲ." ಸವೇರಮ್ಮ ಎರಡು ದಿನ ಮುದ್ದೆ ಮುಟ್ಟಲಿಲ್ಲ.

ಹಬ್ಬದ ದಿನ ಬಂತು. ಹತ್ತು ಜನ ಸನ್ಯಾಸಿಗಳು ಗುಡಿಯೊಳಗೆ ಸ್ವಾಗತದ ಹಾಡು ಕಲಿಯುತ್ತಿದ್ದರು, ದೊಡ್ಡ ಸ್ವಾಮಿಯೋರು ತಾಳ ಹಾಕುತ್ತಿದ್ದರು. ಗೇಟಿನಲ್ಲಿ ಇನ್ನಾಸಿ, ಕೈಯಲ್ಲಿ ಗುಲಾಬಿ ಹಾರ.

ಆದದ್ದೇನು ಅಂದರೆ, ಬಿಷಪ್ಪರ ಕಾರು ಗುಡ್ಡದ ಬುಡದಲ್ಲಿ ಪಂಕ್ಚರ್ ಆಯಿತು. ಅವರು ತಾಳ್ಮೆಯಿಲ್ಲದ ಗಟ್ಟಿ ಆಳು. ನಿಲುವಂಗಿ ಕಳಚಿ ಕಾರಿನಲ್ಲೇ ಇಟ್ಟು, ಬರೀ ಶರ್ಟು ಪ್ಯಾಂಟಿನಲ್ಲಿ ಗುಡ್ಡ ಹತ್ತಿ ಬಂದರು. ಚಪ್ಪಲಿಯೆಲ್ಲ ಧೂಳು.

"ನಡೆದು ಬಂದ್ರಾ?" ಅಂದ ಇನ್ನಾಸಿ.

"ನಡೆದೇ ಬಂದೆ. ನಾನು ಬಿಷಪ್."

"ಹೌದು ಸ್ವಾಮಿ."

"ನನಗೋಸ್ಕರ ಕಾಯ್ತಾ ಇರಬೇಕಲ್ಲ ಎಲ್ಲರೂ?"

"ಹೌದು ಸ್ವಾಮಿ, ಹೌದು ಸ್ವಾಮಿ," ಅನ್ನುತ್ತಲೇ ಇನ್ನಾಸಿ ಅವರನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ, ತಟ್ಟೆ ಇಟ್ಟು, ಮುದ್ದೆ ಹಾಕಿ, ಹುರುಳಿ ಸಾರು ಸುರಿದ.

ಆ ಜಗಲಿಯಲ್ಲಿ ಸವೇರಮ್ಮ ಮೊದಲೇ ಕೂತಿದ್ದಳು. ಅವಳೂ ನಡೆದು ಬಂದವಳಲ್ಲವೇ? ಹೊಸ ಬಿಷಪ್ಪರನ್ನು ಅವಳೆಲ್ಲಿ ಕಂಡಿದ್ದಳು? ಯಾರೋ ದಾರಿಹೋಕ ಅಂದುಕೊಂಡು, "ಉಣ್ಣಿ ಅಣ್ಣಾ, ಬಿಸಿ ಇದೆ," ಅಂದಳು. ಅವರು ಉಂಡರು. ಹಸಿದಿದ್ದರು ಪಾಪ, ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ಸವೇರಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಾ ತನ್ನ ಕತೆಯನ್ನೆಲ್ಲ ಹೇಳಿಕೊಂಡಳು. "ಇವತ್ತು ಏನಾದ್ರೂ ಎಡವಟ್ಟು ಮಾಡಿದ್ರೆ ಓಡಿಸ್ತಾರಂತೆ. ನಾನು ಎಷ್ಟು ದಿನದೋಳು ಅಣ್ಣಾ? ಆಮೇಲೆ ಅವನ ಗತಿ?"

ಅಷ್ಟರಲ್ಲಿ ಕಾರು ಬಂತು. ಮುಂದೆ ಡ್ರೈವರು, ಹಿಂದಿನ ಸೀಟಿನಲ್ಲಿ ಪಂಕ್ಚರ್ ಅಂಗಡಿಯ ಪುಟ್ಟಮಾದ, ಮೈಕೈಯೆಲ್ಲ ಗ್ರೀಸು. ಗುಡ್ಡದ ಮೇಲೆ ಮತ್ತೆ ಕೆಟ್ಟರೆ ಇರಲಿ ಅಂತ ಅವನನ್ನು ಕೂರಿಸಿಕೊಂಡು ಬಂದಿದ್ದರು. ಇನ್ನಾಸಿ ಹಿಂದಿನ ಬಾಗಿಲು ತೆಗೆದು ಪುಟ್ಟಮಾದನಿಗೆ ಹಾರ ಹಾಕಿದ. ಕಾಫಿ ಕೊಟ್ಟ. ಒಂದನೇ ನಂಬರ್ ಕೋಣೆಯ ಕುರ್ಚಿಯಲ್ಲಿ ಕೂರಿಸಿದ.

ಕಾರಿನ ಸದ್ದು ಕೇಳಿ ಸನ್ಯಾಸಿಗಳು ಹಾಡುತ್ತಾ ಆ ಕೋಣೆಗೆ ಓಡಿ ಬಂದರು. ಕಣ್ಣು ಮಂಜಾದ ದೊಡ್ಡ ಸ್ವಾಮಿಯೋರು ಮುಂದೆ ಹೋಗಿ ಮಂಡಿಯೂರಿ, ಪದ್ಧತಿಯಂತೆ ಬಿಷಪ್ಪರ ಉಂಗುರಕ್ಕೆ ಮುತ್ತಿಡಲು ಪುಟ್ಟಮಾದನ ಕೈ ಹಿಡಿದರು. ಮುತ್ತಿಟ್ಟೂ ಬಿಟ್ಟರು. ತುಟಿಗೆ ಗ್ರೀಸು ಹತ್ತಿತು.

ಪುಟ್ಟಮಾದ ಗಾಬರಿಯಿಂದ ಎದ್ದು ನಿಂತ. "ಒಂದು ಪಂಕ್ಚರ್ ಹಾಕಿದ್ದಕ್ಕೆ ಇಷ್ಟೆಲ್ಲ ಬೇಡ ಬುದ್ಧಿ."

ಹುಡುಕುತ್ತಾ ಹುಡುಕುತ್ತಾ ಎಲ್ಲರೂ ಹಿಂದಿನ ಜಗಲಿಗೆ ಬಂದರು. ಬಿಷಪ್ಪರು ಬೆರಳು ನೆಕ್ಕುತ್ತಿದ್ದರು. ಆಗ ಸವೇರಮ್ಮನಿಗೆ ಗೊತ್ತಾಯಿತು, ತಾನು ಅಣ್ಣಾ ಅಂದದ್ದು ಯಾರಿಗೆ ಅಂತ. ಮುಗಿಯಿತು, ಮಗನ ಅನ್ನ ಮುಗಿಯಿತು ಅಂದುಕೊಂಡಳು.

"ಈ ಕೆಲಸ ಮಾಡು ಅಂತ ನಿನಗೆ ಹೇಳಿದ್ದು ಯಾರಪ್ಪಾ?" ಅಂತ ಬಿಷಪ್ಪರು ಕೇಳಿದರು.

"ಬ್ರದರ್ ಪ್ಲಾಸಿಡ್," ಅಂದ ಇನ್ನಾಸಿ. "ಕಾರಲ್ಲಿ ಬಂದೋರಿಗೆ ಹಾರ, ಕಾಫಿ, ಒಂದನೇ ನಂಬರ್ ಕೋಣೆ. ನಡೆದು ಬಂದೋರಿಗೆ ಹಿಂದಿನ ಜಗಲಿ, ಮುದ್ದೆ, ಸಾರು. ದೊಡ್ಡ ಸ್ವಾಮಿಯೋರಿಗೆ ಹೇಳಬೇಡ ಅಂದವ್ರೆ. ಅದಕ್ಕೇ ಅವರಿಗೆ ಹೇಳ್ತಾ ಇಲ್ಲ, ನಿಮಗೆ ಹೇಳ್ತಾ ಇದೀನಿ."

ದೊಡ್ಡ ಸ್ವಾಮಿಯೋರು ಪಕ್ಕದಲ್ಲೇ ನಿಂತಿದ್ದರು. ಬ್ರದರ್ ಪ್ಲಾಸಿಡ್ ನೆಲ ನೋಡಿದರು. ಅಷ್ಟು ಹೊತ್ತು ಅವರು ನೆಲ ನೋಡಿದ್ದು ಅದೇ ಮೊದಲು.

"ಸಾರು ಚೆನ್ನಾಗಿದೆ," ಅಂದರು ಬಿಷಪ್ಪರು. "ಯೇಸುಸ್ವಾಮಿ ಬಂದರೂ ನಡೆದೇ ಬರೋದು. ಅವರಿಗೂ ಇದೇ ಜಗಲಿ ತಾನೇ?"

ದೊಡ್ಡ ಸ್ವಾಮಿಯೋರ ಕಣ್ಣಲ್ಲಿ ನೀರು ಬಂತು. ಇನ್ನಾಸಿಯ ಭುಜದ ಮೇಲೆ ಕೈಯಿಟ್ಟರು. "ತಪ್ಪು ನಿನ್ನದಲ್ಲಪ್ಪಾ. ಇನ್ನು ಮೇಲೆ ಇದೇ ನಿನ್ನ ಮನೆ, ಯಾರೂ ನಿನ್ನನ್ನ ಕಳಿಸೋದಿಲ್ಲ. ಬ್ರದರ್ ಹೇಳಿದ್ದನ್ನೆಲ್ಲ ಮರೆತುಬಿಡು. ನಿಮ್ಮನೆ ಬಾಗಿಲಲ್ಲಿ ಹೇಗೆ ನಡಕೊಳ್ತೀಯೋ ಹಾಗೇ ಇಲ್ಲೂ ನಡಕೋ. ಅಷ್ಟು ಸಾಕು."

"ಹೂಂ," ಅಂದ ಇನ್ನಾಸಿ.

ಸವೇರಮ್ಮನಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಆದರೆ ಅಳು ಉಕ್ಕಿ ಬರುವಾಗ ಮಾತು ನೆನಪಿಗೆ ಬರುವುದಿಲ್ಲ.

ಸಂಜೆ ಐದಕ್ಕೆ ಬಿಷಪ್ಪರು ಹೊರಟರು. ಹನ್ನೊಂದು ಜನ ಸನ್ಯಾಸಿಗಳೂ, ಅವರ ಹಿಂದೆ ಸವೇರಮ್ಮನೂ, ಅವರನ್ನು ಗುಡ್ಡದ ತಿರುವಿನವರೆಗೆ ಬೀಳ್ಕೊಟ್ಟು ಬಂದರು. ಬಂದರೆ ಗೇಟು ಹಾಕಿತ್ತು. ದೊಡ್ಡ ಸ್ವಾಮಿಯೋರು ತಟ್ಟಿದರು.

"ಅಮ್ಮ ಮನೇಲಿಲ್ಲ, ನಾಳೆ ಬನ್ನಿ."

"ಇನ್ನಾಸಿ, ನಾವಪ್ಪಾ."

"ಅಮ್ಮ ಮನೇಲಿಲ್ಲ, ನಾಳೆ ಬನ್ನಿ."

"ಲೋ, ನಾನು ಕಣೋ ನಿಮ್ಮಮ್ಮ," ಅಂದಳು ಸವೇರಮ್ಮ.

"ಅಮ್ಮನೇ ಹೇಳವ್ಳೆ, ಯಾರೇ ತಟ್ಟಲಿ ಚಿಲಕ ತೆಗೀಬೇಡ ಅಂತ."

ಗೋಡೆ ಹತ್ತೋಣ ಅಂದರೆ ಮೇಲೆಲ್ಲ ಗಾಜಿನ ಚೂರು. ಹೋದ ವರ್ಷ ಹಾಕಿಸಿದವರು ಬ್ರದರ್ ಪ್ಲಾಸಿಡ್ಡರೇ. ಸವೇರಮ್ಮ ಕಲ್ಲಿನ ಮೇಲೆ ಕೂತು ಮೊದಲು ಅತ್ತಳು, ಆಮೇಲೆ ನಕ್ಕಳು. "ಇನ್ನು ನಾನು ಸತ್ತರೂ ಚಿಂತೆಯಿಲ್ಲ ಬುದ್ಧಿ. ಅವನು ಇದನ್ನ ಮನೆ ಅಂತ ತಿಳಕೊಂಡ. ಬನ್ನಿ, ಹೊತ್ತು ಮುಳುಗ್ತಾ ಇದೆ, ನಮ್ಮನೆಗೆ ಹೋಗೋಣ."

ಗುಡ್ಡ ಇಳಿದರು. ಸವೇರಮ್ಮ ಚೊಂಬಿನಲ್ಲಿ ನೀರು ತಂದು ಹನ್ನೊಂದು ಜನರ ಕಾಲಿಗೂ ಹುಯ್ದಳು, ಲೂರ್ದಮ್ಮನ ಮನೆಯಿಂದ ಚಾಪೆ ತಂದಳು. ನಡೆದು ಬಂದವರಿಗೆ ಏನುಂಟೋ ಅದೇ: ಜಗಲಿ, ಮುದ್ದೆ, ಸಾರು. ಬ್ರದರ್ ಪ್ಲಾಸಿಡ್ ಕೊನೆಯಲ್ಲಿ, ನಾಯಿಯ ಪಕ್ಕದಲ್ಲಿ ಕೂತು ಉಂಡರು.

ಬೆಳಗಾಗುತ್ತಲೇ ಎಲ್ಲರೂ ಗುಡ್ಡ ಹತ್ತಿದರು. ನಾಳೆ ಬನ್ನಿ ಅಂದಿದ್ದನಲ್ಲ, ನಾಳೆ ಆಯಿತಲ್ಲ. ದೊಡ್ಡ ಸ್ವಾಮಿಯೋರು ಮೆಲ್ಲಗೆ ತಟ್ಟಿದರು.

"ಅಮ್ಮ ಮನೇಲಿಲ್ಲ, ನಾಳೆ ಬನ್ನಿ."

"ಹಸಿವಾದರೆ ಅವನೇ ತೆಗೀತಾನೆ ಬುದ್ಧಿ," ಅಂತ ಸವೇರಮ್ಮ ಸಮಾಧಾನ ಹೇಳಿದಳು. "ಮನೇಲೂ ಹಂಗೇ ಆಗಿತ್ತು."

ಸನ್ಯಾಸಿಗಳು ಮುಖ ಮುಖ ನೋಡಿಕೊಂಡರು. ಮಠದ ಉಗ್ರಾಣದಲ್ಲಿ ಮೂರು ತಿಂಗಳ ಅಕ್ಕಿ ಇತ್ತು. ದೊಡ್ಡ ಸ್ವಾಮಿಯೋರು ಸವೇರಮ್ಮನ ಕಡೆ ತಿರುಗಿ ಕೇಳಿದರು:

"ತಾಯಿ, ಮಧ್ಯಾಹ್ನಕ್ಕೂ ಮುದ್ದೆ ಇದೆಯಾ?"