ಸೆಕೆಂಡಿಗೊಂದು ಅಂಕ

ಹೊಳೆದಂಡೆಯ ಆ ಆಶ್ರಮಕ್ಕೆ ಚನ್ನಮಲ್ಲ ಬಂದ ದಿನ ಗುರುಗಳು ಒಂದೇ ಪ್ರಶ್ನೆ ಕೇಳಿದ್ದರು.

“ಯಾಕ ಬಂದಿ, ತಮ್ಮಾ?”

“ವಿಚಾರ ಮಾಡಿ ಹೇಳ್ತೀನ್ರಿ, ಅಜ್ಜಾರ,” ಎಂದಿದ್ದ. ಹಾಗೆಂದವನು ಅಲ್ಲೇ ಉಳಿದುಬಿಟ್ಟ.

ಗುರುಗಳನ್ನು ಅಲ್ಲಿ ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ವರ್ಷಕ್ಕೆ ಒಬ್ಬರನ್ನು ಮಾತ್ರ ಅವರು ಆಶ್ರಮದಲ್ಲಿಟ್ಟುಕೊಂಡು ಓದಿಸುವರು. ಈ ಸಲ ಆ ಒಂದು ಜಾಗಕ್ಕೆ ಮುನ್ನೂರು ಮಂದಿ ಕೇಳಿದ್ದರು.

“ಆನ್‌ಲೈನ್ ಕ್ವಿಜ್ ನಡಸೂಣ್ರಿ,” ಎಂದ ಚನ್ನಮಲ್ಲ. ಅಲ್ಲಿ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ. “ಪಟ್ಟಿಯೊಳಗ ಮೊದಲ ಬಂದವರನ್ನ ಕರಿಯೂಣು. ಯಾರ ಮಾರಿನೂ ನೋಡೂದ ಬ್ಯಾಡ್ರಿ.”

“ಮಾರಿ ನೋಡಬಾರದಂತೀ?”

“ಹೌದ್ರಿ. ಲೆಕ್ಕ ಯಾರಿಗೂ ಮೋಸ ಮಾಡಂಗಿಲ್ಲ.”

“ಆಗ್ಲಿ,” ಎಂದರು ಅಜ್ಜಾರು.

ಅಂಕದ ಸೂತ್ರವನ್ನೂ ಅವನೇ ಕಟ್ಟಿದ. ಸರಿಯುತ್ತರಕ್ಕೆ ಇಪ್ಪತ್ತು ಅಂಕ. ಆಶ್ರಮದಿಂದ ಪ್ರಶ್ನೆ ಹೊರಟ ಕ್ಷಣದಿಂದ ಸೆಕೆಂಡಿಗೊಂದು ಅಂಕ ಕಡಿತ. ಇಷ್ಟು ಮಾಡಿದ್ದಕ್ಕೆ ಅವನಿಗಾದ ಹೆಮ್ಮೆ ಅಷ್ಟಿಷ್ಟಲ್ಲ. ಸಿಕ್ಕಸಿಕ್ಕವರಿಗೆಲ್ಲ ಸೂತ್ರ ವಿವರಿಸುತ್ತ ಎರಡು ದಿನ ತಿರುಗಿದ.

ನಲವತ್ತು ಪ್ರಶ್ನೆ ಮುಗಿದವು. ಪಟ್ಟಿ ಎಲ್ಲರ ಫೋನಿಗೂ ಹೋಯಿತು. ಮೊದಲ ಹೆಸರು ಪಟ್ಟಣದ ಒಬ್ಬ ವಕೀಲರದು. ಅವರದು ಮೂವತ್ತಾರು ಸರಿ.

ನಲವತ್ತಕ್ಕೆ ನಲವತ್ತೂ ಸರಿ ಹೇಳಿದವಳು ಒಬ್ಬಳೇ ಇದ್ದಳು. ಗುಡ್ಡದಾಚೆಯ ಹಳ್ಳಿಯಲ್ಲಿ ಉಣ್ಣೆ ನೂಲುವ ಕಾಶವ್ವ. ಪಟ್ಟಿಯಲ್ಲಿ ಅವಳು ಅರವತ್ತೊಂದನೆಯವಳು.

ಸಂಜೆ ಚನ್ನಮಲ್ಲನ ಫೋನಿಗೆ ಅವಳ ಧ್ವನಿಸಂದೇಶ ಬಂತು. ಅಜ್ಜಾರು ಪಕ್ಕದಲ್ಲೇ ಕೂತಿದ್ದರು.

“ಅಪ್ಪಾರ, ನಮ್ಮೂರಾಗ ನೆಟ್‌ವರ್ಕ್ ಸರಿ ಇಲ್ರಿ. ಪ್ರಶ್ನಿ ಬರೂದ ತಡಾ ಆಗ್ತೈತ್ರಿ. ಮುಂದಿನ ವರ್ಷ ನನಗ ಐವತ್ತ ತುಂಬ್ತಾವು. ಆಮ್ಯಾಲ ನೀವು ತಗೊಳ್ಳಂಗಿಲ್ಲಲ್ರಿ. ಒಂದೀಟ ನೋಡ್ರಿ.”

ಚನ್ನಮಲ್ಲ ಆಗಲೇ ಉತ್ತರ ಕಳಿಸಿದ. “ಗಡಿಯಾರ ಎಲ್ಲಾರಿಗೂ ಒಂದ ಐತ್ರಿ ಅಕ್ಕಾರ. ಏನೂ ಮಾಡಾಕ ಬರಂಗಿಲ್ಲ.”

ಅಜ್ಜಾರು ಅವನ ಮುಖ ನೋಡಿದರು. “ನಾಳೆ ಪಂಕ್ತಿಯೊಳಗ ನಾನ ಬಡಸ್ತೀನಿ,” ಎಂದಷ್ಟೇ ಹೇಳಿ ಎದ್ದುಹೋದರು.

ಆಶ್ರಮದ ಪಂಕ್ತಿಗೆ ಹಳೆಯ ಕಟ್ಟುಪಾಡುಗಳಿದ್ದವು. ಕೊನೆಯ ಎಲೆಗೆ ಬಡಿಸುವ ತನಕ ಯಾರೂ ಬಾಯಿಗೆ ತುತ್ತಿಡುವಂತಿಲ್ಲ. ಊಟವಾದ ಮೇಲೆ ಅಜ್ಜಾರು ‘ಶರಣು’ ಎಂದರೆ ಎಲ್ಲರೂ ಒಟ್ಟಿಗೆ ಏಳಬೇಕು.

ಮರುದಿನ ಅಜ್ಜಾರು ಚನ್ನಮಲ್ಲನನ್ನು ಸಾಲಿನ ತುದಿಗೆ ಕೂರಿಸಿದರು. ಮೊದಲ ಎಲೆಗೆ ಗೋಧಿ ಹುಗ್ಗಿ ಬಡಿಸಿದವರೇ “ಹೂಂ, ಉಣ್ರಿ” ಎಂದುಬಿಟ್ಟರು.

ಮಂದಿ ಮುಖ ಮುಖ ನೋಡಿಕೊಂಡರು. ಗುರುವಿನ ಮಾತು ಮೀರುವುದುಂಟೆ? ಉಣ್ಣತೊಡಗಿದರು.

ಚನ್ನಮಲ್ಲನ ಎಲೆಗೆ ಬರುವಷ್ಟರಲ್ಲಿ ಹುಗ್ಗಿ ತೀರಿತು. ತರಲೆಂದು ಅಡಿಗೆಮನೆಗೆ ಹೋದ ಅಜ್ಜಾರು ಎಷ್ಟು ಹೊತ್ತಾದರೂ ಬರಲಿಲ್ಲ. ಸಾಲೆಲ್ಲ ಉಂಡು ಮುಗಿಸಿ ಕೈ ಕಟ್ಟಿ ಕೂತಿತು. ಇವನೊಬ್ಬ ಬರಿ ಎಲೆಯ ಮುಂದೆ ಕೂತಿದ್ದ.

ಕೊನೆಗೂ ಬಂದರು, ಬಡಿಸಿದರು. ಅವನು ಮೊದಲ ತುತ್ತು ಎತ್ತಿದ.

“ಶರಣು,” ಎಂದರು ಅಜ್ಜಾರು.

ಎಲ್ಲರೂ ಎದ್ದರು.

“ಅಜ್ಜಾರ, ನನಗ ಈಗ ಬಡಿಸೀರಿ!”

“ಗಡಿಯಾರ ಎಲ್ಲಾರಿಗೂ ಒಂದ ಐತಿ, ತಮ್ಮಾ.”

ಎತ್ತಿದ ತುತ್ತನ್ನು ಅವನು ಎಲೆಗೆ ಇಳಿಸಿದ. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಪ್ರಸಾದ ಚೆಲ್ಲುವ ಪದ್ಧತಿ ಅಲ್ಲಿಲ್ಲ. ಅಜ್ಜಾರು ಆ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿ ಒಳಗೆ ಒಯ್ದರು.

ಚನ್ನಮಲ್ಲ ಹಸಿದುಕೊಂಡೇ ಕಂಪ್ಯೂಟರಿನ ಮುಂದೆ ಕೂತ. ಯಾರ ಫೋನಿನಲ್ಲಿ ಯಾವ ಪ್ರಶ್ನೆ ಯಾವಾಗ ತೆರೆಯಿತು ಎಂಬುದೂ ಅದರಲ್ಲಿ ದಾಖಲಾಗಿತ್ತು. ಮೊದಲೇ ನೋಡಬಹುದಿತ್ತು, ನೋಡಿರಲಿಲ್ಲ. ಈಗ ಪ್ರಶ್ನೆ ಅವರವರಿಗೆ ಮುಟ್ಟಿದ ಕ್ಷಣದಿಂದ ಸೆಕೆಂಡು ಎಣಿಸಿ ಹೊಸ ಪಟ್ಟಿ ಮಾಡಿದ.

ಅದನ್ನು ಹಿಡಿದುಕೊಂಡು ಅಜ್ಜಾರ ಬಳಿಗೆ ಹೋದ. “ತಪ್ಪಾಗಿತ್ರಿ, ಸರಿ ಮಾಡೀನಿ. ಆದರೂ ಕಾಶವ್ವ ಒಂಬತ್ತನೆಯಾಕಿ.”

“ಎಲ್ಲಾ ಸರಿ ಹೇಳಿದಾಕಿ ಒಂಬತ್ತನೆಯಾಕಿ ಯಾಕಾದಳು?”

“ಗೊತ್ತಿಲ್ರಿ. ಉತ್ತರ ಕೊಡೂದು ನಿಧಾನ.”

“ನನ್ನ ಮುಂದ ಯಾಕ ಹೇಳ್ತಿ? ಆಕೀನ ಕೇಳು.”

ಅಲ್ಲೇ ನಿಂತು ಕಾಶವ್ವನಿಗೆ ಫೋನು ಹಚ್ಚಿದ.

“ನಾ ಸಾಲಿಗೆ ಹೋದಾಕಿ ಅಲ್ರಿ ಅಪ್ಪಾರ,” ಎಂದಳು ಅವಳು. “ಇಪ್ಪತ್ತ ವರ್ಷ ಅಜ್ಜಾರ ಪ್ರವಚನ ಕೇಳೀನಿ, ಅದರಾಗಿಂದ ಉತ್ತರ ಗೊತ್ತದಾವು. ಅಕ್ಷರ ಕಲ್ತದ್ದು ಮಾತ್ರ ಮೊನ್ನೆ ಮೊನ್ನೆ. ಕೂಡಿಸಿ ಕೂಡಿಸಿ ಓದ್ತೀನ್ರಿ. ತಪ್ಪ ಓದಿರಬಾರದಂತ ಇನ್ನೊಮ್ಮೆ ಓದ್ತೀನಿ.”

ಚನ್ನಮಲ್ಲ ‘ಆಯ್ತ್ರಿ ಅಕ್ಕಾರ’ ಎಂದು ಫೋನಿಟ್ಟು ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದ.

ಅಜ್ಜಾರು ಒಳಗಿನಿಂದ ಆ ಎಲೆ ತಂದು ಅವನ ಮುಂದಿಟ್ಟರು.

“ಉಣ್ಣು.”

ಹುಗ್ಗಿ ಆರಿ ಗಟ್ಟಿಯಾಗಿತ್ತು. ಅವನು ನಿಧಾನಕ್ಕೆ ಉಂಡ. ಅಜ್ಜಾರು ನೋಯುವ ಮೊಣಕಾಲು ಚಾಚಿಕೊಂಡು ಎದುರಿಗೇ ಕೂತರು. ಅವನ ಎಲೆ ಖಾಲಿಯಾಗುವ ತನಕ ಶರಣು ಎನ್ನಲಿಲ್ಲ.

ಕೈ ತೊಳೆದು ಬಂದವನು ಸೂತ್ರದಿಂದ ಸೆಕೆಂಡಿನ ಲೆಕ್ಕವನ್ನೇ ತೆಗೆದುಹಾಕಿದ. ಪಟ್ಟಿ ತಾನಾಗಿ ಬದಲಾಯಿತು. ಎಲ್ಲಕ್ಕಿಂತ ಮೇಲೆ ಕಾಶವ್ವನ ಹೆಸರು ಬಂದು ನಿಂತಿತು.

ಅವನಿಗೆ ಸಮಾಧಾನವಾಯಿತು. ಆದರೆ ಅನುಮಾನ ಪೂರ್ತಿ ಹೋಗಲಿಲ್ಲ.

“ಅಜ್ಜಾರ, ನಾಳೆ ವಕೀಲರು ಕೇಳೇ ಕೇಳ್ತಾರ್ರಿ. ಏನರೆ ಒಂದು ಮಿತಿ ಇರಬೇಕಲ್ರಿ? ಒಂದ ಉತ್ತರಕ್ಕ ಎಷ್ಟ ಹೊತ್ತು ಕಾಯಬೇಕು?”

ಅಜ್ಜಾರು ಹೊಳೆಯ ಕಡೆ ನೋಡುತ್ತಿದ್ದರು.

“ನೀ ಬಂದ ದಿನಾ ನಾ ಒಂದ ಪ್ರಶ್ನಿ ಕೇಳಿದ್ದೆ, ತಮ್ಮಾ. ಹನ್ನೊಂದ ವರ್ಷ ಆತು. ಇನ್ನೂ ಕಾಯಾಕತ್ತೀನಿ.”