ಮಿತಿಯೊಳಗಿನ ಕೊರತೆ

"ನನ್ನ ತಪ್ಪುಗಳೆಲ್ಲ ಸಣ್ಣವು. ಯಾವುದೂ ಮಿತಿ ಮೀರಿಲ್ಲ. ಆದರೂ ಯಾಕೆ ಭಯವಾಗುತ್ತದೆ ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ, ಅದರೊಳಗಿನ ಪ್ಲುಟೋನಿಯಂ ಬೇರ್ಪಡಿಸುವ ಒಂದು ಕಾರ್ಖಾನೆಯಿತ್ತು. ಅಲ್ಲಿನ ನಿಯಮ ಒಂದೇ. ಒಳಗೆ ಹೋದಷ್ಟು ಹೊರಗೆ ಬರಬೇಕು. ಬಾರದಿದ್ದರೆ, ಉಳಿದದ್ದು ಎಲ್ಲಿದೆ ಎಂದು ತಿಳಿಯುವವರೆಗೆ ಕೆಲಸ ನಿಲ್ಲಬೇಕು. ಆ ನಿಯಮವನ್ನು ಎಲ್ಲರೂ ಮುರಿದಿದ್ದರು. ಯಾವ ಅಳತೆಯೂ ಕರಾರುವಾಕ್ಕಲ್ಲವೆಂದು ಕೆಲವು ಗ್ರಾಂಗಳ ವ್ಯತ್ಯಾಸಕ್ಕೆ ರಿಯಾಯಿತಿ ಇತ್ತು. ಪ್ರತಿ ಪಾಳಿಯವರೂ ಕೊರತೆಯ ಮುಂದೆ 'ಕೊಳವೆಗೆ ಅಂಟಿದೆ' ಎಂದು ಬರೆದು ಮನೆಗೆ ಹೋಗುತ್ತಿದ್ದರು. ಕೊಳವೆಯನ್ನು ಬಿಚ್ಚಿ ನೋಡಿದವರಿಲ್ಲ.

ಹೊಸದಾಗಿ ಬಂದ ಒಬ್ಬ ತೂಕದವನು ಹಳೆಯ ಹಾಳೆಗಳನ್ನು ತಿರುವಿದ. ನೂರು ದಿನದ ಹಾಳೆಗಳು. ನೂರು ದಿನವೂ ಕಡಿಮೆ. ಒಂದು ದಿನವೂ ಹೆಚ್ಚಿಲ್ಲ. ಕೂಡಿಸಿ ನೋಡಿದ, ಮತ್ತೊಮ್ಮೆ ಕೂಡಿಸಿದ. ಅಷ್ಟು ಪ್ಲುಟೋನಿಯಂ ಒಂದೇ ಕಡೆ ಸೇರಿದ್ದು, ಮೇಲೆ ನೀರು ಬಿದ್ದರೆ, ಅದರಲ್ಲಿ ಪರಮಾಣು ಸರಪಳಿ ಕ್ರಿಯೆ ತಾನಾಗಿ ಕೆರಳಬಹುದು. ಆ ವಿಕಿರಣಕ್ಕೆ ಹತ್ತಿರ ನಿಂತವರು ಉಳಿಯುವುದಿಲ್ಲ. ಮಾರನೆಯ ಬೆಳಿಗ್ಗೆ ತೊಟ್ಟಿ, ಕೊಳವೆಗಳಿಗೆ ನೀರು ಹಾಯಿಸಿ ತೊಳೆಯಲು ನಾಲ್ವರು ಬರುವವರಿದ್ದರು.

ಅವನು ಮೇಲಧಿಕಾರಿಯ ಬಳಿ ಹೋದ. ಇದುವರೆಗೆ ಸಹಿ ಹಾಕಿದವರೆಲ್ಲ ದಡ್ಡರೋ ಎಂದು ಅವರು ಕೇಳಿದರು. ತೊಳೆಯುವುದು ನಿಲ್ಲುವುದಿಲ್ಲ ಎಂದರು.

"ಪಾಯಸದ ತಪ್ಪಲೆಗೆ ಅಂಟಿದ್ದನ್ನೆಲ್ಲ ಕೆರೀತಾ ಕೂರ್ತಾರೇನಯ್ಯಾ? ಮಿತಿಯೊಳಗಿದೆ. ಸಹಿ ಹಾಕು, ನಡಿ."

"ತಕ್ಕಡಿಯ ತಪ್ಪಾಗಿದ್ದರೆ ಒಂದು ದಿನವಾದರೂ ಹೆಚ್ಚು ತೋರಿಸಬೇಕಿತ್ತಲ್ಲ ಸಾರ್. ನೂರು ಸಲ ಒಂದೇ ಕಡೆಗೆ ತಪ್ಪಿದರೆ ಅದು ತಪ್ಪಲ್ಲ. ಎಲ್ಲೋ ಸೋರಿ ಒಂದೇ ಕಡೆ ಸೇರ್ತಿದೆ."

ಬೆಳಿಗ್ಗೆ ನಾಲ್ವರೂ ಬಂದರು. ತಡಮಾಡಿದರೆ ಮಧ್ಯಾಹ್ನದ ಬಸ್ಸು ತಪ್ಪುತ್ತದೆ ಎಂದು ಗೊಣಗಿದರು. ತೂಕದವನು ಅವರಿಗಿಂತ ಮೊದಲೇ ಬಂದಿದ್ದ. ನೀರಿನ ವಾಲ್ವ್ ಮುಚ್ಚಿ, ಅದಕ್ಕೆ ಬೀಗ ಜಡಿದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದ. ಮೇಲಧಿಕಾರಿ ಬಂದು ಕೆಲಸದಿಂದ ತೆಗೆಯುತ್ತೇವೆ ಎಂದರು. ಅವನು ಏಳಲಿಲ್ಲ, ಮುಷ್ಟಿಯನ್ನೂ ಬಿಚ್ಚಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಾಳ್ಮೆ ಉಳಿಯಲಿಲ್ಲ. "ಆಮೇಲೆ ಕೊಳವೆ ಬಿಚ್ಚಿದರೇ? ಅದು ಸಿಕ್ಕಿತೇ ಗುರುಗಳೇ?"

"ನಿನ್ನ ಸಣ್ಣ ತಪ್ಪುಗಳೆಲ್ಲ ಯಾವ ಕಡೆಗಿವೆ?" ಎಂದರು ಗುರು.